ಕೊನೆಗಾರನ ಬುದ್ಧಿ, ಗಮಕಿಯ ಬುದ್ಧಿ

ಮಗುವಿನ ಹತ್ತೂ ಬೆರಳಿನ ಅಚ್ಚು ತೆಗೆದು, ಅದು ಯಾವ ಬಗೆಯ ಬುದ್ಧಿವಂತ ಮಗು ಅಂತ ಹೇಳುವ ವರದಿಗಳು ಈಗ ಮಲೆನಾಡಿನ ಮನೆಗಳಿಗೂ ಬಂದಿವೆ. ತೀರ್ಥಹಳ್ಳಿ ಕಡೆಯ ನೆಂಟರೊಬ್ಬರು ಮಗನ ವರದಿ ತೋರಿಸಿದರು. ಬಣ್ಣಬಣ್ಣದ ಹಾಳೆಗಳು. ಎಂಟು ಬಗೆಯ ಬುದ್ಧಿಗೆ ಎಂಟು ಕಂಬಗಳು. ಕೊನೆಯ ಪುಟದಲ್ಲಿ ಒಂದು ತೀರ್ಪು: ಈ ಹುಡುಗ ಕೇಳಿ ಕಲಿಯುವವನಲ್ಲ, ಮಾಡಿ ಕಲಿಯುವವನು. "ಅದಕ್ಕೇ ಇವನಿಗೆ ಓದು ತಲೆಗೆ ಹತ್ತಲ್ಲ ನೋಡಿ" ಅಂದರು ತಾಯಿ. ಏಳನೇ ಕ್ಲಾಸಿನ ಹುಡುಗ ಹೌದೌದು ಅಂತ ತಲೆಯಾಡಿಸಿದ. ಅವನಿಗೆ ಇದು ಅನುಕೂಲವೇ ಆಗಿತ್ತು.

ಈ ವರದಿಯಲ್ಲಿ ಮೂರು ಬೇರೆ ಬೇರೆ ಮಾತುಗಳು ಕಲಸಿಹೋಗಿವೆ. ಬುದ್ಧಿ ಹಲವು ಬಗೆ ಅನ್ನುವುದು ಒಂದು. ಒಬ್ಬೊಬ್ಬರಿಗೂ ಕಲಿಯುವ ಶೈಲಿಯೇ ಬೇರೆ ಅನ್ನುವುದು ಇನ್ನೊಂದು. ಇವೆರಡನ್ನೂ ಬೆರಳಿನ ಗೆರೆಯಲ್ಲಿ ಓದಬಹುದು ಅನ್ನುವುದು ಮೂರನೆಯದು. ಮೊದಲನೆಯದರಲ್ಲಿ ಹುರುಳಿದೆ, ತಕರಾರೂ ಇದೆ. ಎರಡನೆಯದು ಪರೀಕ್ಷೆಗೆ ಒಡ್ಡಿದಾಗ ನಿಂತಿಲ್ಲ. ಮೂರನೆಯದಕ್ಕೆ ಆಧಾರವೇ ಇಲ್ಲ.

ಮೂರನೆಯದನ್ನು ಮೊದಲೇ ಮುಗಿಸಿಬಿಡೋಣ. ಬೆರಳಿನ ಗೆರೆಗಳು ಮಗು ಹೊಟ್ಟೆಯಲ್ಲಿದ್ದಾಗಲೇ, ನಾಲ್ಕೈದನೇ ತಿಂಗಳ ಹೊತ್ತಿಗೆ ಮೂಡಿರುತ್ತವೆ. ಆಮೇಲೆ ಅವುಗಳ ವಿನ್ಯಾಸ ಬದಲಾಗುವುದಿಲ್ಲ. ಮಿದುಳು ಹುಟ್ಟಿದ ಮೇಲೂ ವರ್ಷಗಟ್ಟಲೆ ಬೆಳೆಯುತ್ತದೆ. ಕಲಿತದ್ದಕ್ಕೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ. ಗೆರೆ ನೋಡಿ ಬುದ್ಧಿಯ ಬಗೆ ಹೇಳುವುದಕ್ಕೆ ವಿಜ್ಞಾನದ ಆಧಾರ ಇಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಕೇಳಲೇಬೇಕು ಅಂತಿದ್ದರೆ ಕವಡೆ ಶಾಸ್ತ್ರ ಇದಕ್ಕಿಂತ ಅಗ್ಗ.

ಉಳಿದ ಎರಡು ಮಾತು ಅಷ್ಟು ಸುಲಭದಲ್ಲಿ ಮುಗಿಯುವುದಿಲ್ಲ.

ಒಂದೋ, ಹಲವೋ?

ಬುದ್ಧಿಯನ್ನು ಅಳೆಯುವ ಈಗಿನ ಪರೀಕ್ಷೆಗಳ ಮೂಲ ಇರುವುದು ಪ್ಯಾರಿಸ್‌ನಲ್ಲಿ. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ತಿಯೋಡರ್ ಸಿಮೋನ್ ಮಕ್ಕಳಿಗಾಗಿ ಒಂದು ಪರೀಕ್ಷೆ ಮಾಡಿದರು. ಅವರ ಉದ್ದೇಶ ಸರಳ. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಬೇಕು, ಅವರಿಗೆ ಹೆಚ್ಚಿನ ಸಹಾಯ ಸಿಗಬೇಕು. ಈ ಅಂಕ ಹಣೆಬರಹ ಅಂತ ಬಿನೆ ಎಂದೂ ಹೇಳಲಿಲ್ಲ. ಅಭ್ಯಾಸದಿಂದ, ಒಳ್ಳೆಯ ಪಾಠದಿಂದ ಬುದ್ಧಿ ಬೆಳೆಯುತ್ತದೆ ಅಂತ ವಾದಿಸಿದರು. ಅವರು 1911ರಲ್ಲಿ ತೀರಿಕೊಂಡರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಆ ಪರೀಕ್ಷೆಯನ್ನು ತಮ್ಮ ದೇಶಕ್ಕೆ ಹೊಂದಿಸಿ ದೊಡ್ಡದು ಮಾಡಿದರು. ಐಕ್ಯೂ ಅನ್ನುವ ಅಂಕ ಮನೆಮಾತಾಯಿತು. ಸಹಾಯ ಯಾರಿಗೆ ಬೇಕು ಅಂತ ಕೇಳಲು ಹುಟ್ಟಿದ ಪರೀಕ್ಷೆಯಲ್ಲಿ ಜನ ಯಾರು ಮೇಲು, ಯಾರು ಕೀಳು ಅಂತ ಕೇಳತೊಡಗಿದರು.

ಬಿನೆಗಿಂತ ಒಂದು ವರ್ಷ ಮೊದಲು, ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಶಾಲಾ ಮಕ್ಕಳ ಅಂಕಗಳನ್ನು ಹರಡಿಕೊಂಡು ಕೂತಿದ್ದರು. ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಭಾಷೆಯಲ್ಲಿ ಮುಂದಿರುವ ಮಗು ಸಾಮಾನ್ಯವಾಗಿ ಗಣಿತದಲ್ಲೂ ಮುಂದಿರುತ್ತದೆ. ಎರಡು ಸ್ವರದಲ್ಲಿ ಯಾವುದು ಏರು ಅಂತ ಗುರುತಿಸುವ ಪರೀಕ್ಷೆಯ ಅಂಕ ಕೂಡ ಇವುಗಳ ಜೊತೆ ಒಂದಿಷ್ಟು ಏರಿಳಿಯುತ್ತದೆ. ಹಾಗಾದರೆ ಎಲ್ಲದರ ಹಿಂದೆ ಒಂದು ಸಾಮಾನ್ಯ ಬುದ್ಧಿ ಇರಬೇಕು ಅಂತ ಅವರು ತೀರ್ಮಾನಿಸಿದರು. ಈ ಜೊತೆಯ ಏರಿಳಿತ ಆಮೇಲಿನ ಪರೀಕ್ಷೆಗಳಲ್ಲೂ ಮತ್ತೆ ಮತ್ತೆ ಕಂಡಿದೆ. ಅದರ ಅರ್ಥ ಏನು ಅನ್ನುವ ಜಗಳ ಮಾತ್ರ ಇವತ್ತಿಗೂ ಮುಗಿದಿಲ್ಲ.

ನಮ್ಮೂರಿನ ಅನುಭವ ಇದಕ್ಕೆ ಉಲ್ಟಾ ಅನ್ನಿಸಬಹುದು. ಲೆಕ್ಕದಲ್ಲಿ ಹುಷಾರು, ನಾಲ್ಕು ಸಾಲು ಬರೆಯಲು ಬರುವುದಿಲ್ಲ ಅನ್ನುವಂಥವರು ಎಲ್ಲರಿಗೂ ಗೊತ್ತು, ಅಲ್ವಾ? ಖಂಡಿತ ಇದ್ದಾರೆ. ಆದರೆ ಎರಡರಲ್ಲೂ ಸುಮಾರಾಗಿ ಚೆನ್ನಾಗಿರುವವರು ಅದಕ್ಕಿಂತ ಜಾಸ್ತಿ ಇದ್ದಾರೆ. ಅವರು ಕಥೆಯಾಗಿ ನೆನಪಿನಲ್ಲಿ ಉಳಿಯುವುದಿಲ್ಲ ಅಷ್ಟೇ.

1983ರಲ್ಲಿ ಹಾರ್ವರ್ಡ್‌ನ ಹೊವಾರ್ಡ್ ಗಾರ್ಡ್ನರ್ ಈ ಒಂದೇ ಬುದ್ಧಿಯ ಮಾತನ್ನು ಒಪ್ಪದೆ ಏಳು ಬಗೆಯ ಬುದ್ಧಿ ಇದೆ ಅಂದರು. ಭಾಷೆಯದು, ತರ್ಕ ಮತ್ತು ಲೆಕ್ಕದ್ದು, ಆಕಾರ ಮತ್ತು ಜಾಗವನ್ನು ಅಂದಾಜಿಸುವುದು, ಸಂಗೀತದ್ದು, ಮೈಕೈ ಬಳಸುವುದು, ಬೇರೆಯವರ ಮನಸ್ಸು ತಿಳಿಯುವುದು, ತನ್ನ ಮನಸ್ಸು ತಿಳಿಯುವುದು. ಗಿಡ, ಪ್ರಾಣಿ, ಮಣ್ಣು, ಮಳೆಯ ವ್ಯತ್ಯಾಸ ಹಿಡಿಯುವ ಎಂಟನೆಯದನ್ನು 1990ರ ದಶಕದಲ್ಲಿ ಸೇರಿಸಿದರು. ಆ ವರದಿಯ ಎಂಟು ಕಂಬ ಬಂದಿರುವುದು ಇಲ್ಲಿಂದ. ಬೆರಳಚ್ಚಿಗೂ ಗಾರ್ಡ್ನರ್ ಅವರಿಗೂ ಸಂಬಂಧ ಇಲ್ಲ.

ಗಾರ್ಡ್ನರ್ ಸುಮ್ನೆ ಪಟ್ಟಿ ಮಾಡಿದವರಲ್ಲ. ಮಿದುಳಿಗೆ ಪೆಟ್ಟಾದವರನ್ನು ಅವರು ಗಮನಿಸಿದ್ದರು. ಒಂದು ಸಾಮರ್ಥ್ಯ ಹೋಗಿ ಇನ್ನೊಂದು ಉಳಿದರೆ, ಅವೆರಡೂ ಒಂದೇ ಅಂತ ಹೇಳುವುದು ಕಷ್ಟ. ರಷ್ಯಾದ ಸಂಗೀತ ರಚನೆಕಾರ ವಿಸ್ಸಾರಿಯನ್ ಶೆಬಾಲಿನ್ ಇದಕ್ಕೆ ಹೆಸರಾದ ಉದಾಹರಣೆ. ಪಾರ್ಶ್ವವಾಯು ಹೊಡೆದು ಅವರಿಗೆ ಮಾತಾಡುವುದು, ಬೇರೆಯವರ ಮಾತು ತಿಳಿಯುವುದು ಬಹಳ ಕಷ್ಟವಾಯಿತು. ಆದರೂ ಅವರು ಸಿಂಫನಿ ಬರೆದರು.

ಈ ವಿಚಾರ ಮೇಷ್ಟ್ರುಗಳಿಗೆ, ತಂದೆತಾಯಿಗಳಿಗೆ ತುಂಬ ಹಿಡಿಸಿತು. ಅಂಕ ಬಾರದ ಮಗುವನ್ನು ದಡ್ಡ ಅನ್ನುವುದು ತಪ್ಪು ಅಂತ ಹೇಳಲು ಒಂದು ಬಲ ಸಿಕ್ಕಿತು. ಅದು ಒಳ್ಳೆಯದೇ. ಆದರೆ ಎಂಟೂ ನಿಜಕ್ಕೂ ಬೇರೆ ಬೇರೆಯೇ ಅಂತ ನೋಡಿದರೆ ಚಿತ್ರ ಅಷ್ಟು ಚೆಂದ ಇಲ್ಲ. ಕೆನಡಾದ ಸಂಶೋಧಕರು 2006ರಲ್ಲಿ ಎಂಟೂ ಬಗೆಗೆ ಪರೀಕ್ಷೆ ಇಟ್ಟರು. ಭಾಷೆ, ತರ್ಕ, ಆಕಾರ, ನಿಸರ್ಗದ ಗುರುತು ಇವೆಲ್ಲ ಸ್ಪಿಯರ್‌ಮನ್ ಕಂಡಂತೆ ಜೊತೆಜೊತೆಗೇ ಏರಿಳಿದವು. ಮೈಕೈಯ ಚಳಕ, ಸಂಗೀತದಂಥವು ಸ್ವಲ್ಪ ದೂರ ನಿಂತವು. ಎಂಟು ಬೇರೆ ಬೇರೆ ಕಂಬ ಅಂತೂ ಕಾಣಲಿಲ್ಲ.

ನನಗಿರುವ ದೊಡ್ಡ ತಕರಾರು ಬೇರೆ. ನಿಜವಾದ ಯಾವ ಕೆಲಸವೂ ಒಂದೇ ಕಂಬದಲ್ಲಿ ನಿಲ್ಲುವುದಿಲ್ಲ. ಮರ ಏರಿ ಅಡಿಕೆಯ ಕೊನೆ, ಅಂದರೆ ಗೊನೆ, ಇಳಿಸುವ ಕೊನೆಗಾರನನ್ನು ನೋಡಿ. ಈ ಪಟ್ಟಿ ಕೈಗೆ ಕೊಟ್ಟರೆ ಯಾರೇ ಆಗಲಿ ಅವನನ್ನು ತಟ್ಟನೆ ಮೈಕೈ ಬುದ್ಧಿಯ ಕಂಬಕ್ಕೆ ಸೇರಿಸುತ್ತಾರೆ. ಕಾಲಿಗೆ ಹಗ್ಗದ ಕುಣಿಕೆ ಹಾಕಿ ಐವತ್ತು ಅಡಿ ಮರ ಏರುತ್ತಾನೆ, ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಆದರೆ ಏರುವ ಮೊದಲು ಅವನ ತಲೆಯಲ್ಲಿ ನಡೆಯುವುದೇನು? ಯಾವ ಕೊನೆ ಹದಕ್ಕೆ ಬಂದಿದೆ, ಯಾವುದು ಇನ್ನೂ ಎಳಸು ಅಂತ ಕೆಳಗಿನಿಂದಲೇ ನೋಡಬೇಕು. ಈ ಮರದಿಂದ ಯಾವ ಮರಕ್ಕೆ, ಅಲ್ಲಿಂದ ಯಾವುದಕ್ಕೆ ಅಂತ ದಾರಿ ಕಟ್ಟಬೇಕು. ಯಾವ ಮರ ಬಾಗುತ್ತದೆ, ಯಾವುದು ಮುರಿಯುತ್ತದೆ ಅಂತ ಅಂದಾಜು ಬೇಕು. ಕೆಳಗೆ ಹಗ್ಗ ಹಿಡಿದವನ ಕೈಗೆ ಕೊನೆ ಸರಿಯಾಗಿ ಇಳಿಯಬೇಕು. ಲೆಕ್ಕ, ಆಕಾರ, ನಿಸರ್ಗ, ಜೊತೆಗಾರನ ಮನಸ್ಸು ಎಲ್ಲವೂ ಇಲ್ಲಿ ಇದೆ. ಅದನ್ನು ಬರೀ ಕೈಕೆಲಸ ಅಂತ ಕರೆದರೆ, ತಲೆಕೆಲಸ ಬೇರೆ ಯಾರೋ ಮಾಡುತ್ತಾರೆ ಅಂದ ಹಾಗಾಗುತ್ತದೆ. ಎಂಟು ಬಗೆಯ ಮಾತು ಹುಟ್ಟಿದ್ದು ಇಂಥ ತಾರತಮ್ಯ ಹೋಗಲಿ ಅಂತ. ಪಟ್ಟಿಯನ್ನು ಹಣೆಪಟ್ಟಿ ಮಾಡಿಕೊಂಡರೆ ಅದೇ ತಾರತಮ್ಯ ಹೊಸ ಹೆಸರಲ್ಲಿ ವಾಪಸ್ ಬರುತ್ತದೆ.

ವೇಷವಿಲ್ಲದೆ ಕೂತು ಮಾತಿನಲ್ಲೇ ಪಾತ್ರ ಕಟ್ಟುವ ತಾಳಮದ್ದಳೆಯ ಅರ್ಥಧಾರಿಯೂ ಅಷ್ಟೇ. ಭಾಗವತರ ಪದ ಮುಗಿದ ಕೂಡಲೇ ಮಾತು ಹುಟ್ಟಬೇಕು. ಎದುರಿನ ಅರ್ಥಧಾರಿ ಯಾವ ಕಡೆ ಎಳೆಯುತ್ತಿದ್ದಾನೆ ಅಂತ ತಿಳಿಯಬೇಕು, ಸಭೆ ಆಕಳಿಸುತ್ತಿದೆಯೇ ಅಂತಲೂ ನೋಡಬೇಕು. ಇದು ಭಾಷೆಯ ಬುದ್ಧಿಯೋ, ತರ್ಕದ್ದೋ, ಮನಸ್ಸು ಓದುವುದೋ? ಸಾಗರದ ಕಡೆ ದೀವರ ಮನೆಗಳ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಹೆಂಗಸರ ಕೈಯಲ್ಲಿ ಇರುವುದು ಚಿತ್ರವೋ, ರೇಖಾಗಣಿತವೋ?

ಬುದ್ಧಿಯನ್ನು ಹೋಳು ಮಾಡಲೇಬೇಕು ಅಂದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಮನೋವಿಜ್ಞಾನಿ ರೇಮಂಡ್ ಕ್ಯಾಟೆಲ್ ಮಾಡಿದ ಎರಡು ಹೋಳು. ಒಂದು, ಹಿಂದೆ ನೋಡಿಲ್ಲದ ಸಮಸ್ಯೆಯನ್ನು ಆ ಕ್ಷಣಕ್ಕೆ ಬಿಡಿಸುವ ಚುರುಕು. ಇನ್ನೊಂದು, ವರ್ಷಗಳಿಂದ ಕೂಡಿಟ್ಟ ತಿಳಿವಳಿಕೆ. ಚುರುಕು ಯೌವನದಲ್ಲಿ ಏರಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ತಿಳಿವಳಿಕೆ ಇಳಿವಯಸ್ಸಿನ ತನಕ ಬೆಳೆಯುತ್ತಲೇ ಇರಬಹುದು. ಹೊಸ ಮೊಬೈಲಿನಲ್ಲಿ ಯಾವ ಗುಂಡಿ ಎಲ್ಲಿದೆ ಅಂತ ಮೊಮ್ಮಗ ಎರಡು ನಿಮಿಷದಲ್ಲಿ ಕಂಡುಹಿಡಿಯುತ್ತಾನೆ. ತೋಟದಲ್ಲಿ ನಾಲ್ಕು ಉದುರಿದ ಕಾಯಿ ನೋಡಿ ಕೊಳೆರೋಗ ಶುರುವಾಗಿದೆ ಅಂತ ಅಜ್ಜ ಎರಡು ಸೆಕೆಂಡಿನಲ್ಲಿ ಹೇಳುತ್ತಾರೆ. ಇಬ್ಬರಲ್ಲಿ ಯಾರು ಬುದ್ಧಿವಂತರು ಅನ್ನುವ ಪ್ರಶ್ನೆಗೆ ಅರ್ಥ ಇಲ್ಲ.

ಕೂಡಿಟ್ಟದ್ದು ಬೆಳೆಯುತ್ತದೆ ಅಂದ ಮೇಲೆ ಅಂಕವೂ ಬದಲಾಗಬೇಕಲ್ಲ? ಬದಲಾಗುತ್ತದೆ. ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ಹಳೆಯ ಪರೀಕ್ಷೆಗಳ ಫಲಿತಾಂಶ ಹೋಲಿಸಿ ನೋಡಿದರು. ಇಪ್ಪತ್ತನೇ ಶತಮಾನದಲ್ಲಿ ಹಲವು ದೇಶಗಳ ಸರಾಸರಿ ಐಕ್ಯೂ ಹತ್ತು ವರ್ಷಕ್ಕೆ ಸುಮಾರು 3 ಅಂಕದಂತೆ ಏರಿತ್ತು. ವಂಶವಾಹಿ ಅಷ್ಟು ಬೇಗ ಬದಲಾಗಲು ಸಾಧ್ಯವಿಲ್ಲ. 2018ರಲ್ಲಿ ಸ್ಟುವರ್ಟ್ ರಿಚಿ ಮತ್ತು ಎಲಿಯಟ್ ಟಕರ್-ಡ್ರೋಬ್ ಬಹಳಷ್ಟು ಅಧ್ಯಯನಗಳನ್ನು ಒಟ್ಟು ಹಾಕಿದರು. ಒಂದು ವರ್ಷ ಹೆಚ್ಚು ಓದಿದರೆ ಐಕ್ಯೂ 1ರಿಂದ 5 ಅಂಕ ಏರುತ್ತದೆ ಅಂತ ಕಂಡಿತು. ಬಿನೆ ಹೇಳಿದ್ದೂ ಅದನ್ನೇ.

ನೋಡಿ ಕಲಿಯುವವರು, ಕೇಳಿ ಕಲಿಯುವವರು

ಈಗ ಎರಡನೇ ಮಾತು. ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಮಾಡಿ. ಅವರವರ ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಚೆನ್ನಾಗಿ ಕಲಿಯುತ್ತಾರೆ. ಕೇಳಲು ಎಷ್ಟು ಸರಿ ಅನ್ನಿಸುತ್ತದೆ! 2012ರಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಶಿಕ್ಷಕರನ್ನು ಕೇಳಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇದು ನಿಜ ಅಂದಿದ್ದರು.

ಇದನ್ನು ಪರೀಕ್ಷಿಸುವುದು ಹೇಗೆ? ನೋಡಿ ಕಲಿಯುವವರು, ಕೇಳಿ ಕಲಿಯುವವರು ಅಂತ ಎರಡು ಗುಂಪು ಮಾಡಬೇಕು. ಪ್ರತಿ ಗುಂಪಿನ ಅರ್ಧ ಜನಕ್ಕೆ ಚಿತ್ರ ತೋರಿಸಿ, ಉಳಿದವರಿಗೆ ಮಾತಿನಲ್ಲಿ ಪಾಠ ಮಾಡಬೇಕು. ಎಲ್ಲರಿಗೂ ಒಂದೇ ಪರೀಕ್ಷೆ ಇಡಬೇಕು. ನೋಡಿ ಕಲಿಯುವವರಿಗೆ ಚಿತ್ರದಿಂದ, ಕೇಳಿ ಕಲಿಯುವವರಿಗೆ ಮಾತಿನಿಂದ ಜಾಸ್ತಿ ಅಂಕ ಬಂದರೆ ಮಾತ್ರ ಶೈಲಿಯ ಮಾತು ನಿಜ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಅವರ ಜೊತೆಗಾರರು ಅದುವರೆಗಿನ ಸಂಶೋಧನೆಯನ್ನೆಲ್ಲ ಹುಡುಕಿದರು. ಈ ರೀತಿ ಸರಿಯಾಗಿ ಮಾಡಿದ ಪ್ರಯೋಗಗಳೇ ಬೆರಳೆಣಿಕೆಯಷ್ಟು. ಇದ್ದವುಗಳಲ್ಲೂ ಹೆಚ್ಚಿನವು ಶೈಲಿಯ ಮಾತಿಗೆ ವಿರುದ್ಧವಾಗಿದ್ದವು. ತಮ್ಮ ಎಂಟು ಬಗೆಯ ಬುದ್ಧಿಗೂ ಈ ಶೈಲಿಗಳಿಗೂ ಸಂಬಂಧ ಕಟ್ಟಬೇಡಿ ಅಂತ ಗಾರ್ಡ್ನರ್ ಅವರೇ 2013ರಲ್ಲಿ ಬರೆದರು.

ಜನರಿಗೆ ಇಷ್ಟಾನಿಷ್ಟ ಇದೆ. ಒಬ್ಬರಿಗೆ ವಿಡಿಯೋ ಇಷ್ಟ, ಇನ್ನೊಬ್ಬರಿಗೆ ಪುಸ್ತಕ. ಇಷ್ಟವಾದ ದಾರಿಯಲ್ಲಿ ಜಾಸ್ತಿ ಕಲಿಯುತ್ತಾರೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ, ಅಷ್ಟೇ. ಮಾತಿನ ಜೊತೆ ಚಿತ್ರ ಸೇರಿಸಿದರೆ ಸಾಮಾನ್ಯವಾಗಿ ಎಲ್ಲರಿಗೂ ಅನುಕೂಲ.

ಹಾಗಾದರೆ ಪಾಠದ ದಾರಿ ಯಾವುದನ್ನು ನೋಡಿ ಆರಿಸಬೇಕು? ಕಲಿಯುವ ವಿಷಯವನ್ನು ನೋಡಿ. ಮರ ಏರುವುದನ್ನು ಕೇಳಿ ಕಲಿಯಲಾಗದು, ನೀವು ಎಂಥ ಕೇಳುಗರೇ ಆಗಿರಿ. ರಾಗವನ್ನು ನಕ್ಷೆ ನೋಡಿ ಕಲಿಯಲಾಗದು. ಶರಾವತಿ ಎಲ್ಲಿ ಹುಟ್ಟಿ ಎಲ್ಲಿ ಹರಿಯುತ್ತದೆ ಅಂತ ತಿಳಿಯಲು ನಕ್ಷೆ ಬೇಕೇ ಬೇಕು, ಮಗು ಯಾವ ಶೈಲಿಯದೇ ಆಗಲಿ.

ನೆನಪು ಕೂರುವ ಬಗೆ

ಕಲಿಯುವ ವಿಷಯ ಬೇರೆ ಬೇರೆ. ಕಲಿಯುವ ಮನಸ್ಸಿನ ಒಳಗಿನ ಕಟ್ಟುಪಾಡು ಮಾತ್ರ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ.

ಮೊದಲನೆಯ ಕಟ್ಟುಪಾಡು ಜಾಗದ್ದು. ಈ ಕ್ಷಣದಲ್ಲಿ ಮನಸ್ಸಿನಲ್ಲಿ ಹಿಡಿದುಕೊಂಡು ಕೆಲಸ ಮಾಡುವ ನೆನಪಿಗೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಇದು ಚಿಕ್ಕ ಮನೆಯ ಜಗಲಿ ಇದ್ದ ಹಾಗೆ. ನಾಲ್ಕು ಜನ ಕೂರಬಹುದು, ಐದನೆಯವರು ಬಂದರೆ ಒಬ್ಬರು ಏಳಬೇಕು. ನಾಲ್ಕು ಅನ್ನುವುದು ನಾನು ಸುಮ್ನೆ ಹೇಳಿದ್ದಲ್ಲ. ಜಾರ್ಜ್ ಮಿಲ್ಲರ್ 1956ರಲ್ಲಿ ಏಳು, ಎರಡು ಹೆಚ್ಚುಕಡಿಮೆ ಅಂದಿದ್ದರು. ನೆಲ್ಸನ್ ಕೋವನ್ 2001ರಲ್ಲಿ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು.

ಇಷ್ಟೇ ಜಾಗ ಇಟ್ಟುಕೊಂಡು, ಕಾವ್ಯವನ್ನು ರಾಗವಾಗಿ ಹಾಡುವ ಗಮಕಿ ಸಾವಿರಾರು ಪದ್ಯ ಹೇಗೆ ಹಾಡುತ್ತಾರೆ? ಶಿವಮೊಗ್ಗದ ಹತ್ತಿರವೇ, ತುಂಗೆಯ ದಡದಲ್ಲಿರುವ ಮತ್ತೂರು ಮತ್ತು ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿಯ ತಲೆ ನಮ್ಮದಕ್ಕಿಂತ ಬೇರೆ ಮಣ್ಣಿನದು ಅನ್ನಿಸುವುದು ಸಹಜ. ಆದರೆ ಅವರು ಹಾಡುವ ಭಾಮಿನಿ ಷಟ್ಪದಿಯನ್ನು ಬಿಚ್ಚಿ ನೋಡಿ. ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ 14 ಮಾತ್ರೆ. ಅದೂ ಮೂರು, ನಾಲ್ಕು, ಮೂರು, ನಾಲ್ಕು ಅನ್ನುವ ಗಣಗಳಲ್ಲಿ. ಮೂರು ಮತ್ತು ಆರನೇ ಸಾಲು ಉದ್ದ, 23 ಮಾತ್ರೆ. ಆರೂ ಸಾಲುಗಳಲ್ಲಿ ಎರಡನೇ ಅಕ್ಷರಕ್ಕೆ ಪ್ರಾಸ. ಹಾಗಾಗಿ ಹಾಡುವವರು ಒಂದೊಂದು ಅಕ್ಷರ ನೆನಪಿಟ್ಟುಕೊಳ್ಳಬೇಕಿಲ್ಲ. ಒಂದು ಗಣ ಒಂದು ತುಂಡು. ಪಳಗಿದವರಿಗೆ ಒಂದು ಸಾಲೇ ಒಂದು ತುಂಡು. ಮರೆತರೂ ತಪ್ಪು ಪದ ಮಾತ್ರೆಗೆ ಕೂರುವುದಿಲ್ಲ, ಪ್ರಾಸಕ್ಕೆ ಒಗ್ಗುವುದಿಲ್ಲ. ಛಂದಸ್ಸು ಒಳಗಿನಿಂದಲೇ ತಿದ್ದುತ್ತದೆ. ಇದರ ಮೇಲೆ ರಾಗ, ಕಥೆ, ಅರ್ಥ ಬೇರೆ. ಒಂದು ಕೊಂಡಿ ಕಳಚಿದರೆ ಇನ್ನೊಂದು ಹಿಡಿದಿರುತ್ತದೆ.

1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚೆಸ್ ಆಟಗಾರರಲ್ಲಿ ಇದನ್ನೇ ಕಂಡರು. ನಿಜವಾದ ಆಟದ ಮಧ್ಯದ ಹಲಗೆಯನ್ನು ಕೆಲವೇ ಸೆಕೆಂಡು ತೋರಿಸಿದರೆ ದೊಡ್ಡ ಆಟಗಾರ ಹೆಚ್ಚಿನ ಕಾಯಿಗಳ ಜಾಗವನ್ನು ಸರಿಯಾಗಿ ಇಡುತ್ತಾನೆ. ಹೊಸಬನಿಗೆ ನಾಲ್ಕೈದು ನೆನಪಿರುತ್ತವೆ. ಅದೇ ಕಾಯಿಗಳನ್ನು ಮನಬಂದಂತೆ ಚೆಲ್ಲಾಪಿಲ್ಲಿ ಇಟ್ಟು ತೋರಿಸಿದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ. ಗೆಲ್ಲಿಸಿದ್ದು ಜಾಸ್ತಿ ಜಗಲಿಯಲ್ಲ, ವರ್ಷಗಟ್ಟಲೆ ಆಡಿ ಕೂಡಿಟ್ಟ ತುಂಡುಗಳು. ಬಾಯಿಪಾಠವನ್ನು ಬೈಯುವುದು ಈಗ ಫ್ಯಾಷನ್. ಅರ್ಥ ಇಲ್ಲದ ಉರು ಹೊಡೆತಕ್ಕೆ ನನ್ನ ಬೈಗುಳವೂ ಇದೆ. ಆದರೆ ಮಗ್ಗಿ ಬಾಯಿಗೆ ಬಂದ ಮಗುವಿಗೆ ಭಾಗಾಕಾರ ಮಾಡುವಾಗ ಮನಸ್ಸಿನಲ್ಲಿ ಜಾಗ ಉಳಿಯುತ್ತದೆ. ಬಾರದ ಮಗು ಏಳೆಂಟಲ ಎಷ್ಟು ಅಂತ ಎಣಿಸುವಷ್ಟರಲ್ಲಿ ಲೆಕ್ಕದ ಎಳೆಯನ್ನೇ ಬಿಟ್ಟಿರುತ್ತದೆ. ಅದಕ್ಕೆ ತಲೆ ಇಲ್ಲ ಅಂತ ನಾವು ಹೇಳಿಬಿಡುತ್ತೇವೆ.

ಎರಡನೆಯದು ಮರೆವು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವೇ ಇಲ್ಲದ ಶಬ್ದಗಳ ಪಟ್ಟಿಯನ್ನು ತಾವೇ ಬಾಯಿಪಾಠ ಮಾಡಿ, ತಾವೇ ಮರೆತು, ಅದರ ಲೆಕ್ಕ ಇಟ್ಟರು. 1885ರಲ್ಲಿ ಅದನ್ನು ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚಿನದು ಹೋಗುತ್ತದೆ, ಆಮೇಲೆ ಮರೆಯುವ ವೇಗ ಕಡಿಮೆ ಆಗುತ್ತದೆ. ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ದಿನ ಬಿಟ್ಟು ಓದಿದರೆ ಜಾಸ್ತಿ ಉಳಿಯುತ್ತದೆ ಅಂತಲೂ ಅವರು ಕಂಡರು.

ಓದುವುದಕ್ಕಿಂತ ನೆನಪಿಸಿಕೊಳ್ಳುವುದು ಇನ್ನೂ ಮೇಲು. ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಯವರು ಈ ಪ್ರಯೋಗ ಗಮನಿಸಬೇಕು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಪಾಠ ಮುಚ್ಚಿಟ್ಟು, ಮೂರು ಸಲ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ. ಅವರಿಗೆ ಶೇಕಡ 83, ಬರೆದವರಿಗೆ 71. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಓದಿದವರಿಗೆ ಶೇಕಡ 40, ಬರೆದವರಿಗೆ 61. ಮತ್ತೆ ಮತ್ತೆ ಓದಿದಾಗ ಪಾಠ ಪರಿಚಿತ ಅನ್ನಿಸುತ್ತದೆ. ಪರಿಚಯವನ್ನೇ ಮಕ್ಕಳು ಕಲಿಕೆ ಅಂದುಕೊಳ್ಳುತ್ತಾರೆ. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಕಷ್ಟ, ತಡವರಿಸುತ್ತದೆ, ಬೇಜಾರು. ಕಲಿಕೆ ಆಗುವುದು ಆ ತಡವರಿಕೆಯಲ್ಲೇ.

ಇದೇ ಥರದ ಮೋಸ ಕಣ್ಣಿನ ಕಲಿಕೆಯಲ್ಲೂ ಇದೆ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆ ಇದೆ. ದರ್ಜೆಯಿಂದ ದರ್ಜೆಗೆ ಕ್ವಿಂಟಾಲಿನ ಧಾರಣೆ ಬಹಳ ಬೇರೆ. ಆರಿಸಲು ಕೂತ ಹೆಂಗಸರ ಕೈ ಅಡಿಕೆ ಗುಡ್ಡೆಯ ಮೇಲೆ ಎಷ್ಟು ಬೇಗ ಓಡುತ್ತದೆ ಅಂದರೆ ಯೋಚನೆಗೆ ಪುರುಸೊತ್ತೇ ಇಲ್ಲ ಅನ್ನಿಸುತ್ತದೆ. ಇದು ಬೆಟ್ಟೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿ. ಬಣ್ಣ, ಗಾತ್ರ, ಆಕಾರ ಅಂತ ಏನೋ ಹೇಳುತ್ತಾರೆ. ಹೇಳಿದ್ದನ್ನು ಬರೆದುಕೊಂಡು ಕೂತರೆ ನಿಮಗೆ ಬರುವುದಿಲ್ಲ. ಹೊಸಬರಿಗೆ ಕಲಿಸುವಾಗ ಒಂದು ದಿನ ಪೂರ್ತಿ ಬೆಟ್ಟೆ ತೋರಿಸಿ, ಮರುದಿನ ಪೂರ್ತಿ ಸರಕು ತೋರಿಸುವುದು ಶಿಸ್ತಿನ ದಾರಿ ಅನ್ನಿಸಬಹುದು. ಮನೆಯಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಎಲ್ಲ ಕಲಸಿದ ಗುಡ್ಡೆಯ ಮುಂದೆಯೇ ಕೂರಿಸುತ್ತಾರೆ. ಪಕ್ಕದಲ್ಲಿ ಕೂತ ಅತ್ತೆಯೋ ಚಿಕ್ಕಮ್ಮನೋ ತಪ್ಪಿದ್ದನ್ನು ಎತ್ತಿ ಬೇರೆ ಗುಡ್ಡೆಗೆ ಎಸೆಯುತ್ತಾರೆ.

ಇದೇ ಸರಿಯಾದ ದಾರಿ ಅನ್ನಲು ಪ್ರಯೋಗದ ಬಲವೂ ಇದೆ. 2008ರಲ್ಲಿ ನೇಟ್ ಕಾರ್ನೆಲ್ ಮತ್ತು ರಾಬರ್ಟ್ ಬ್ಯೋರ್ಕ್ ಜನರಿಗೆ ಹನ್ನೆರಡು ಕಲಾವಿದರ ಚಿತ್ರಗಳನ್ನು ತೋರಿಸಿದರು. ಕೆಲವರ ಚಿತ್ರಗಳನ್ನು ಒಟ್ಟೊಟ್ಟಿಗೆ, ಉಳಿದವರ ಚಿತ್ರಗಳನ್ನು ಕಲಸಿ. ಆಮೇಲೆ ಹಿಂದೆ ನೋಡಿಲ್ಲದ ಚಿತ್ರ ಇಟ್ಟು ಇದು ಯಾರದು ಅಂತ ಕೇಳಿದರೆ, ಕಲಸಿ ನೋಡಿದ ಕಲಾವಿದರನ್ನೇ ಜನ ಚೆನ್ನಾಗಿ ಗುರುತಿಸಿದರು. ಒಂದರ ಪಕ್ಕ ಇನ್ನೊಂದು ಬಂದಾಗ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ತಮಾಷೆ ಅಂದರೆ, ಒಟ್ಟೊಟ್ಟಿಗೆ ನೋಡಿದ್ದೇ ಸುಲಭವಾಯಿತು, ಅದರಿಂದಲೇ ಜಾಸ್ತಿ ಕಲಿತೆವು ಅಂತ ಅವರಲ್ಲಿ ಹೆಚ್ಚಿನವರು ಹೇಳಿದರು.

ಮೈಕೈಯ ಕಲಿಕೆಯಲ್ಲೂ ಹೀಗೇ. 1978ರ ಒಂದು ಪ್ರಯೋಗದಲ್ಲಿ ಕೆಲವು ಮಕ್ಕಳು ಮೂರು ಅಡಿ ದೂರದ ಗುರಿಗೇ ಚಿಕ್ಕ ಚೀಲ ಎಸೆದು ಅಭ್ಯಾಸ ಮಾಡಿದರು. ಉಳಿದವರು ಎರಡು ಮತ್ತು ನಾಲ್ಕು ಅಡಿಯ ಗುರಿಗೆ ಎಸೆದರು. ಕೊನೆಗೆ ಮೂರು ಅಡಿಯ ಗುರಿಯಲ್ಲಿ ಪರೀಕ್ಷೆ ಇಟ್ಟರೆ ಗೆದ್ದವರು ಎರಡನೇ ಗುಂಪಿನವರು. ಒಂದೇ ಮರ ನೂರು ಸಲ ಏರಿದವನಿಗಿಂತ ದಪ್ಪ, ಸಪೂರ, ಓರೆ ಮರಗಳನ್ನು ಏರಿದವನ ಕಾಲು ಚೆನ್ನಾಗಿ ಪಳಗುತ್ತದೆ ಅಂತ ಯಾವ ಹಳೆಯ ಕೊನೆಗಾರನೂ ಒಪ್ಪಿಯಾನು.

ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ಇಷ್ಟೆಲ್ಲ ಆದ ಮೇಲೂ ಒಂದು ತೊಡಕು ಉಳಿಯುತ್ತದೆ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ.

1985ರಲ್ಲಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಸಂಶೋಧಕರು ಗಮನಿಸಿದರು. ವ್ಯಾಪಾರ ಮಾಡುವಾಗ ಕೇಳಿದ ಲೆಕ್ಕಗಳಲ್ಲಿ ಮಕ್ಕಳ ಉತ್ತರ ಶೇಕಡ 98 ಸರಿ. ಅದೇ ಸಂಖ್ಯೆಗಳನ್ನು ಶಾಲೆಯ ಲೆಕ್ಕದಂತೆ ಕೊಟ್ಟಾಗ ಶೇಕಡ 37. ಐದೇ ಮಕ್ಕಳಲ್ವಾ ಅನ್ನಬಹುದು. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದ್ದ ತಂಡ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ 1,400ಕ್ಕೂ ಹೆಚ್ಚು ಮಕ್ಕಳನ್ನು ಅಧ್ಯಯನ ಮಾಡಿದ ವರದಿ ಪ್ರಕಟಿಸಿತು. ಕಿಲೋಗೆ 20 ರೂಪಾಯಿಯಂತೆ 800 ಗ್ರಾಂ ಆಲೂಗಡ್ಡೆ, 15 ರೂಪಾಯಿಯಂತೆ 1.4 ಕಿಲೋ ಈರುಳ್ಳಿ, ಕೊಟ್ಟದ್ದು 200ರ ನೋಟು, ಚಿಲ್ಲರೆ ಎಷ್ಟು? ಇಂಥ ಲೆಕ್ಕವನ್ನು ಆ ಮಕ್ಕಳು ಬಾಯಲ್ಲೇ ಮಾಡಿದರು. 163 ರೂಪಾಯಿ. ಶಾಲೆಯ ಪುಸ್ತಕದ ಭಾಗಾಕಾರ ಕೊಟ್ಟಾಗ ಹೆಚ್ಚಿನವರು ಎಡವಿದರು. ವ್ಯಾಪಾರ ಮಾಡದ ಶಾಲಾ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಮುಂದಿದ್ದರು. ಮಾರುಕಟ್ಟೆಯ ಲೆಕ್ಕದಲ್ಲಿ ಅವರೇ ಎಡವಿದರು.

ಇಲ್ಲಿ ಎರಡು ಬಗೆಯ ಬುದ್ಧಿ ಇದೆ ಅಂತ ಹೇಳಿ ಎರಡು ಕಂಬ ನೆಡಬಹುದು. ಆದರೆ ಇರುವುದು ಒಂದೇ ಗಣಿತ. ಮಾರುಕಟ್ಟೆಯ ಮಗು 43ನ್ನು 11ರಿಂದ ಗುಣಿಸಬೇಕಾದರೆ 430 ಮಾಡಿ 43 ಕೂಡಿಸುತ್ತದೆ. ಶಾಲೆಯ ಮಗು ಹಾಳೆ ಮೇಲೆ ಒಂದರ ಕೆಳಗೆ ಒಂದು ಬರೆಯುತ್ತದೆ. ಇಬ್ಬರಿಗೂ ಇನ್ನೊಬ್ಬರ ದಾರಿಯನ್ನು ಯಾರೂ ತೋರಿಸಿಲ್ಲ.

ಮಲೆನಾಡಿನ ಶಾಲೆಯಲ್ಲಿ ಇದನ್ನು ತೋರಿಸುವುದು ಕಷ್ಟವೇನಲ್ಲ. ಶೇಕಡದ ಪಾಠ ಮಾಡುವ ಮೇಷ್ಟ್ರು ಬೋರ್ಡೋ ದ್ರಾವಣದಿಂದ ಶುರು ಮಾಡಬಹುದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವುದನ್ನು ನೋಡದ ಮಗು ಅಡಿಕೆ ಊರಿನ ತರಗತಿಯಲ್ಲಿ ಕಮ್ಮಿ. ಶೇಕಡ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 200 ಲೀಟರಿನ ಡ್ರಮ್ಮಿನಲ್ಲಿ ಮುಕ್ಕಾಲು ಭಾಗ ನೀರಿದ್ದರೆ ಮೈಲುತುತ್ತ ಎಷ್ಟು ಬೇಕು? ತೋಟಕ್ಕೆ ಹೋಗುವ ಮಗು ತಟ್ಟನೆ ಒಂದೂವರೆ ಕಿಲೋ ಅನ್ನುತ್ತದೆ. ಹೇಗೆ ಬಂತು ಅಂತ ಅದರ ಬಾಯಲ್ಲೇ ಹೇಳಿಸಿ, ಅದನ್ನೇ ಬೋರ್ಡಿನ ಮೇಲೆ ಭಿನ್ನರಾಶಿಯಲ್ಲಿ ಬರೆಯಬೇಕು. ಅಷ್ಟಕ್ಕೇ ನಿಲ್ಲಿಸಬಾರದು. ಮರುದಿನ ಅದೇ ಲೆಕ್ಕವನ್ನು ಸೊಸೈಟಿ ಸಾಲದ ಬಡ್ಡಿಯಾಗಿ ಕೇಳಬೇಕು, ಒಂದು ವಾರ ಬಿಟ್ಟು ಅಂಗಡಿಯ ರಿಯಾಯಿತಿಯಾಗಿ ಕೇಳಬೇಕು. ಬಡ್ಡಿಯ ಲೆಕ್ಕದಲ್ಲಿ ಮಗು ತಡವರಿಸಿದರೆ ಶೇಕಡ ಅನ್ನುವುದು ಇನ್ನೂ ಡ್ರಮ್ಮಿನೊಳಗೇ ಇದೆ ಅಂತ ಅರ್ಥ. ಆಗ ಬೇಕಾಗುವುದು ಇನ್ನೊಂದೆರಡು ಉದಾಹರಣೆ.